ಐದು ಅಂಕದ ಪ್ರಶ್ನೆ

ಹಾಸನದ ಮೌಲ್ಯಮಾಪನ ಕೇಂದ್ರ, ಕೊಠಡಿ ಹದಿನಾಲ್ಕು.
ಹಾಳೆ ಹಾರುತ್ತವೆಂದು ಫ್ಯಾನು ಆರಿಸಿ
ಏಪ್ರಿಲ್ಲಿನ ಬೆವರಲ್ಲಿ ಕೂತಿದ್ದೇವೆ.
ಮೂವತ್ತೊಂದನೆಯ ಪ್ರಶ್ನೆ:
ನೆರೆ ಸುತ್ತುವರಿದ ಊರಿನ ಆ ಹಳೆಯ ಕಾದಂಬರಿಯಲ್ಲಿ
ಚಾವಡಿಯ ಗಂಟೆ ಏನನ್ನು ಸಂಕೇತಿಸುತ್ತದೆ?

ಬೆಳಗಿನಿಂದ ನಲವತ್ತು ಮಕ್ಕಳು ಬರೆದಿದ್ದಾರೆ
ಒಂದೇ ಗೈಡಿನಿಂದ, ಒಂದೇ ತಪ್ಪು ಕಾಗುಣಿತದಲ್ಲಿ:
ಗಂಟೆ ಎಂದರೆ ವೆವಸ್ಥೆ.
ಅದು ಬಾವಿಗೆ ಬಿದ್ದ ರಾತ್ರಿ
ಮನುಷ್ಯ ಮೃಗವಾದ.
ಸರಿ. ಸರಿ. ಸರಿ.
ಕೆಂಪು ಪೆನ್ನು ಬಾಡಿಗೆ ಎತ್ತಿನಂತೆ ತಾನೇ ನಡೆಯುತ್ತಿದೆ.

ನಮಗೆ ಗಂಟೆ ಇರಲಿಲ್ಲ. ಸೌಟಿತ್ತು.

ಅರಸೀಕೆರೆ, ರೈಲ್ವೆ ಗೇಟಿನಾಚೆ ಹುಡುಗರ ಹಾಸ್ಟೆಲು,
ಐವತ್ತಮೂರು ಜನ, ಐವತ್ತಮೂರು ತಗಡಿನ ಟ್ರಂಕು.
ಪುಟ್ಟಲಕ್ಕಮ್ಮನ ಕೈಲಿ ಹಿಡಿ ಸೊಟ್ಟಗಾದ ಸೌಟು.
ತಲೆಗೊಂದು ಮುದ್ದೆ, ಮುದ್ದೆಗೊಂದು ಸೌಟು ಸಾರು.
ಪಟೇಲರ ಮೊಮ್ಮಗನಿಗೂ ಅಷ್ಟೇ, ಕೇರಿಯ ಹುಡುಗನಿಗೂ ಅಷ್ಟೇ.
ಯಾರಾದರೂ ಗೊಣಗಿದರೆ,
"ಸೌಟಿಗೇನು ಕಣ್ಣಿದ್ದಾವೇನ್ಲಾ, ಮುಂದಕ್ಕೆ ನಡಿ" ಅನ್ನುವಳು.

ಮಗಳ ಬಾಣಂತನಕ್ಕೆಂದು ಅವಳು ಬಾಣಾವರಕ್ಕೆ ಹೋದಳು.
ಬಿಲ್ಲು ಪಾಸು ಮಾಡಿಸಲು ಹಾಸನಕ್ಕೆ ಹೋದ ವಾರ್ಡನ್ನು
ಮೂರು ದಿನ ಬರಲಿಲ್ಲ.
ಯಾಕೆಂದು ಈಗಲೂ ಗೊತ್ತಿಲ್ಲ.

ಮೊದಲ ದಿನ ಹಬ್ಬ.
ಚಿಕ್ಕವರು ನೀರು ಹೊತ್ತರು, ದೊಡ್ಡವರು ಸೌದೆ ಒಡೆದರು,
ಹೊನ್ನೇಶ ಒಂದೂ ಗಂಟಿಲ್ಲದಂತೆ ಮುದ್ದೆ ತೊಳಸಿದ,
ಅವನೇ ಬಡಿಸಿದ, ಸೌಟು ಅವನ ಕೈಲಿ ಕುಣಿಯಿತು.
ಎಲ್ಲರೂ ಉಂಡೆವು. ನಾನೂ ಬೆರಳು ನೆಕ್ಕಿದೆ.

ಮರುದಿನ ಯಾರೋ ಅಂದರು, ಯಾರೆಂದು ನೆನಪಿಲ್ಲ,
(ನೆನಪಿದೆ, ಹೆಸರು ಬೇಡ)
"ಬಡ್ಸೋದು ಅವ್ನೇ ಯಾಕೆ?"
ಅಷ್ಟೇ. ಜೋರಾಗಿಯೂ ಅಲ್ಲ.

ಕಾದಂಬರಿಯಲ್ಲಿದ್ದ ಹಾಗೆ ಏನೂ ಆಗಲಿಲ್ಲ.
ಯಾರೂ ಕಿರುಚಲಿಲ್ಲ, ದೀವಟಿಗೆ ಹಿಡಿದು ಓಡಲಿಲ್ಲ.
ಸಾಲು ಮಾತ್ರ ನಡುವೆ ಒಂದು ಕಡೆ ತುಂಡಾಯಿತು.
ಹನ್ನೆರಡು ತಟ್ಟೆಗಳು, ಯಾರೂ ತಳ್ಳದೆ,
ಎರಡು ಮಾರು ದೂರ ಸರಿದು
ಬಚ್ಚಲ ಗೋಡೆಯ ಪಕ್ಕ ಕೂತವು.
ಇನ್ನೂ ಮೀಸೆ ಮೂಡದ ನಮಗೆ
ಯಾರು ಎಲ್ಲಿ ಕೂರಬೇಕೆಂದು ಹೇಳಿಕೊಟ್ಟವರು ಯಾರು?
ಅಷ್ಟು ಶಿಸ್ತು ಆ ಹಾಸ್ಟೆಲಿನಲ್ಲಿ ಅದಕ್ಕೆ ಮೊದಲು
ನಾನು ಕಂಡಿರಲಿಲ್ಲ.

ಸೌಟು ನನ್ನ ಕೈಗೆ ಬಂತು.
ಈಚೆ ಸಾಲಿಗೆ ಬಗ್ಗಿ ಬಡಿಸಿದೆ.
ಗೋಡೆಯ ಸಾಲಿಗೆ ನಿಂತೇ,
ಎತ್ತರದಿಂದ ಸುರಿದೆ.
ಸಾರು ಸಿಡಿದು ಹೊನ್ನೇಶನ ಮುಂಗೈ ಸುಟ್ಟಿತು.
ಅವನು ನನ್ನನ್ನು ನೋಡಲಿಲ್ಲ, ಸೌಟನ್ನು ನೋಡಿದ,
ಕಣ್ಣಿದ್ದಾವೋ ಏನೋ ಎಂಬಂತೆ.

ಮೂರನೆಯ ದಿನ ಅವನು ಊಟಕ್ಕೆ ಬರಲಿಲ್ಲ.
ಗೂಡ್ಸ್ ಶೆಡ್ಡಿನ ಹತ್ತಿರ, ಚೀಲದಿಂದ ಉದುರಿದ ಕೊಬ್ಬರಿ ಚೂರು
ಆಯ್ದು ತಿನ್ನುತ್ತಿದ್ದನಂತೆ.

ವಾರ್ಡನ್ನು ಬಂದು ತಲೆ ಎಣಿಸಿದರು.
"ಎಲ್ಲಾ ಸರಿಯಾಗಿದೆಯೇನ್ರೋ?"
"ಸರಿಯಾಗಿದೆ ಸಾರ್."
ನೆಲ ಗುಡಿಸಿತ್ತು, ಪಾತ್ರೆ ಬೋರಲು ಹಾಕಿತ್ತು.
ಹದಿನೈದು ದಿನ ಕಳೆದು ಬಂದ ಪುಟ್ಟಲಕ್ಕಮ್ಮ
ಸೌಟು ಎತ್ತಿ ನೋಡಿದಳು,
ಹುಣಸೆ, ಬೂದಿ ಹಾಕಿ ಬಹಳ ಹೊತ್ತು ಉಜ್ಜಿದಳು.
ಯಾರು ಹೇಳಿದರೋ. ಏನೂ ಕೇಳಲಿಲ್ಲ.

ನಲವತ್ತೊಂದನೆಯ ಪತ್ರಿಕೆ.
ನೀಲಿ ಶಾಯಿಯಲ್ಲಿ ಬರೆದು, ಗೀಟು ಎಳೆದು
ಹೊಡೆದುಹಾಕಿದ ಒಂದು ಸಾಲು:
ಊರು ಮೃಗವಾಗಲಿಲ್ಲ, ಊರು ಊರೇ ಆಯಿತು.
ಅದರ ಕೆಳಗೆ ಅದೇ ಗೈಡು, ಅದೇ ವೆವಸ್ಥೆ.

ಹೊಡೆದುಹಾಕಿದ್ದನ್ನು ಓದಬಾರದೆಂದು ನಿಯಮ.
ಉಳಿದದ್ದಕ್ಕೆ ಐದಕ್ಕೆ ಐದು ಕೊಟ್ಟು
ಮೊತ್ತದ ಕಾಲಮ್ಮಿನ ಮುಂದೆ ಸುಮ್ಮನೆ ಕೂತಿದ್ದೇನೆ.

ಚಹಾದ ಹುಡುಗ ಬಂದ.
ನೊರೆ ಬರಲೆಂದು ಕೆಟಲು ಎತ್ತರಕ್ಕೆ ಎತ್ತುತ್ತಾನೆ.
ನಾನು ಲೋಟವನ್ನು ಮೇಲಕ್ಕೊಯ್ದು
ಕೆಟಲಿನ ಮೂತಿಗೆ ತಾಗಿಸುತ್ತೇನೆ.
"ಸಾರ್, ಕೈ ಸುಡುತ್ತೆ" ಅನ್ನುತ್ತಾನೆ ಹುಡುಗ.